ಪಿ-ಎಚ್-ಟಿ-ಎಚ್ ಒಟ್ಟಿಗೆ ಬರುವ ಉದ್ದದ ಇಂಗ್ಲಿಷ್ ಪದ ಯಾವುದೆಲ್ಲ ಉಂಟು?

ಪದಬಂಧಪ್ರಿಯ, ಉಡುಪಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಉಂಟು, ನಗಬೇಡಿ.

ನಮ್ಮ ಊರಿನ ಯುವಕ ಮಂಡಲದವರು ಪ್ರತಿ ವರ್ಷ ಮೊಸರುಕುಡಿಕೆಗೆ ಆಟೋಟ ಇಡುತ್ತಾರೆ. ಲಿಂಬೆ ಚಮಚ, ಹಗ್ಗಜಗ್ಗಾಟ, ಮಡಕೆ ಒಡೆಯುವುದು ಎಲ್ಲ ಮುಗಿದ ಮೇಲೆ ಓಡಲು ಆಗದವರಿಗೆ ಅಂತ ಒಂದು ಪದಗಳ ಆಟ. ಅದು ನನ್ನ ತಲೆಗೆ ಕಟ್ಟಿದ್ದಾರೆ. ಆಟ ಇಷ್ಟೇ: ಬೋರ್ಡಿನಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ ಬರೆಯುತ್ತೇನೆ, ಆ ನಾಲ್ಕೂ ಅದೇ ಕ್ರಮದಲ್ಲಿ, ನಡುವೆ ಇನ್ನೊಂದು ಅಕ್ಷರ ನುಸುಳದೆ ಬರುವ ಪದಗಳನ್ನು ಬರೆಯಬೇಕು. ಪದ ಉದ್ದ ಇದ್ದಷ್ಟು ಅಂಕ ಜಾಸ್ತಿ.

ಕಳೆದ ವರ್ಷ ಟಿ-ಐ-ಓ-ಎನ್ ಕೊಟ್ಟು ಕೆಟ್ಟೆ. ಜನ ಕಾಗದದ ಎರಡೂ ಬದಿ ತುಂಬಿಸಿ ಇನ್ನೊಂದು ಹಾಳೆ ಕೇಳಿದರು. ತಿದ್ದಿ ಮುಗಿಸುವಾಗ ರಾತ್ರಿ ಹನ್ನೊಂದೂವರೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಅಂತ 29 ಅಕ್ಷರದ ಪದ ಬರೆದು ಗೆದ್ದ. ಅರ್ಥ ನೋಡಿದರೆ, ಒಂದು ವಸ್ತುವನ್ನು ಕವಡೆ ಕಾಸಿಗೂ ಬಾಳದ್ದು ಅಂತ ಎಣಿಸುವುದು. ನನ್ನ ಆಟಕ್ಕೇ ಹೇಳಿದ ಹಾಗಿತ್ತು.

ಈ ಸಲ ಕಷ್ಟದ್ದು ಕೊಡಬೇಕು ಅಂತ ಹುಡುಕುತ್ತಿರುವಾಗ ಮಗಳ ಕೆಮಿಸ್ಟ್ರಿ ರೆಕಾರ್ಡ್ ಕಣ್ಣಿಗೆ ಬಿತ್ತು. ಎರಡನೇ ಪಿಯುಸಿ. ಫಿನಾಲ್ಫ್ತಲೀನ್ ಅನ್ನುವ ಪದಕ್ಕೆ ಮೂರು ಪುಟಗಳಲ್ಲಿ ಮೂರು ತರಹ ಸ್ಪೆಲಿಂಗ್, ಮೂರಕ್ಕೂ ಕೆಂಪು ಗೆರೆ. ಸರಿಯಾದ್ದನ್ನು ನೋಡಿದರೆ ನಡುವೆ ಪಿ-ಎಚ್-ಟಿ-ಎಚ್. ನಾಲ್ಕು ವ್ಯಂಜನ ಸಾಲಾಗಿ, ಒಂದು ಸ್ವರ ಇಲ್ಲ! ಇದನ್ನೇ ಕೊಡೋಣ ಅಂತ ಆಸೆ ಆಗಿದೆ. ಆದರೆ ಉತ್ತರ ಪಟ್ಟಿ ನನ್ನ ಕೈಯಲ್ಲಿ ಮೊದಲೇ ಇರಬೇಕಲ್ವಾ. ನನಗೆ ಹೊಳೆದದ್ದು ಐದಾರು ಮಾತ್ರ. ನಿಮಗೆ ಗೊತ್ತಿರುವುದು ಹೇಳಿ. ಎರಡು ಮೂರು ಪದ ಸೇರಿದ ಹೆಸರು ಇದ್ದರೂ ಆದೀತು. ಮತ್ತೆ ಇದನ್ನು ಓದುವುದು ಹೇಗೆ ಅಂತಲೂ ಯಾರಾದರೂ ಹೇಳಿ ಪುಣ್ಯ ಕಟ್ಟಿಕೊಳ್ಳಿ. ವೇದಿಕೆ ಮೇಲೆ ಮೈಕ್ ಹಿಡಿದು ಓದಬೇಕಾದವನು ನಾನು.


ಲ್ಯಾಬ್ ಟೀಚರ್, ಮಂಗಳೂರು:

ಮಗಳಿಗೆ ಬೈಯಬೇಡಿ. ಪಿಯುಸಿ ಮಕ್ಕಳ ರೆಕಾರ್ಡ್ ತಿದ್ದಿಯೇ ನನ್ನ ಕೂದಲು ಬಿಳಿ ಆದದ್ದು, ಈ ಒಂದು ಪದಕ್ಕೆ ಎಷ್ಟು ಅವತಾರ ಉಂಟು ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ. ಮಕ್ಕಳು ಒಂದೋ ಮೊದಲ ಎಚ್ ಬಿಡುತ್ತಾರೆ, ಇಲ್ಲ ಎರಡನೆಯದು, ಕೆಲವರು ಎರಡೂ ಬಿಟ್ಟು ಒಂದು ಎಫ್ ಹಾಕಿ ನೆಮ್ಮದಿಯಾಗಿ ಕೂರುತ್ತಾರೆ. ನಾನು ಹೇಳಿಕೊಡುತ್ತಿದ್ದ ಉಪಾಯ: ಪದವನ್ನು ಫಿನಾಲ್ ಅಂತ ಒಂದು ತುಂಡು, ಥಲೀನ್ ಅಂತ ಇನ್ನೊಂದು ತುಂಡು ಮಾಡಿ. ಎರಡನೇ ತುಂಡು ಪಿ-ಎಚ್-ಟಿ-ಎಚ್‌ನಿಂದಲೇ ಶುರು. ಅಲ್ಲಿ ಪಿ-ಎಚ್ ಬಾಯಿಗೆ ಬರುವುದೇ ಬೇಡ, ಸುಮ್ನೆ ಕೂತಿರುತ್ತದೆ. ಫಿನಾಲ್-ಥಲೀನ್ ಅಂತ ಓದಿ, ಯಾರೂ ತಪ್ಪು ಹೇಳುವುದಿಲ್ಲ.

ಒಟ್ಟು 15 ಅಕ್ಷರ. ಆಸಿಡ್‌ನಲ್ಲಿ ಬಣ್ಣ ಇಲ್ಲ, ಕ್ಷಾರ ಆದ ಕೂಡಲೇ ಗುಲಾಬಿ. ಬ್ಯುರೆಟ್ಟಿನಿಂದ ಒಂದೊಂದೇ ತೊಟ್ಟು ಬಿಡುತ್ತಾ, ಫ್ಲಾಸ್ಕಿನಲ್ಲಿ ಆ ಗುಲಾಬಿ ಬಂದು ನಿಂತಾಗ ಮಕ್ಕಳ ಮುಖ ನೋಡಬೇಕು ನೀವು. ಜರ್ಮನಿಯ ಅಡಾಲ್ಫ್ ಬೇಯರ್ 1871ರಲ್ಲಿ ಇದನ್ನು ಮಾಡಿದ್ದು, ಆಮೇಲೆ 1905ರಲ್ಲಿ ಅವರಿಗೆ ನೊಬೆಲ್ ಬಂತು.

ಇದಕ್ಕಿಂತ ಉದ್ದದ್ದು ಬೇಕಾದರೆ ಇದರ ಅಣ್ಣತಮ್ಮಂದಿರೇ ಇದ್ದಾರೆ. ಫಿನಾಲ್‌ಸಲ್ಫೋನ್‌ಥಲೀನ್, ಲ್ಯಾಬಿನಲ್ಲಿ ಫಿನಾಲ್ ರೆಡ್ ಅನ್ನುತ್ತೇವಲ್ಲ, ಅದೇ. ಅಮೆರಿಕದವರು ಸಲ್ಫ ಅನ್ನುವುದನ್ನು ಎಫ್‌ನಲ್ಲಿ ಬರೆದು 21ಕ್ಕೆ ನಿಲ್ಲಿಸುತ್ತಾರೆ, ಬ್ರಿಟಿಷ್ ಸ್ಪೆಲಿಂಗ್‌ನಲ್ಲಿ 22. ಬ್ರಿಟಿಷ್ ಪ್ರಕಾರ ಹೋದರೆ ಆ ಒಂದೇ ಪದದಲ್ಲಿ ಪಿ-ಎಚ್ ಜೋಡಿ ಮೂರು ಸಲ. ಅದರ ಕೆಲಸವೂ ಪಿಎಚ್, ಅಂದರೆ ಆಸಿಡ್-ಕ್ಷಾರದ ಅಳತೆ, ತೋರಿಸುವುದೇ! ಇದು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದ ಜೋಕು, ಪ್ರತಿ ವರ್ಷ ನಾನೊಬ್ಬಳೇ ನಗುತ್ತಿದ್ದೆ. ಇನ್ನೂ ಉದ್ದ ಅಂದರೆ ಟೆಟ್ರಾಬ್ರೋಮೋಫಿನಾಲ್ಫ್ತಲೀನ್, 25. ಆದರೆ ರಸಾಯನದ ಹೆಸರಿಗೆ ಹಿಂದೆ ಮುಂದೆ ಬೋಗಿ ಜೋಡಿಸುತ್ತಾ ಹೋಗಬಹುದು, ಗೂಡ್ಸ್ ರೈಲಿನ ಹಾಗೆ. ಅದಕ್ಕೆ ಕೊನೆ ಇಲ್ಲ. ಆಟದಲ್ಲಿ ಡಿಕ್ಷನರಿಯಲ್ಲಿ ಇರುವುದಕ್ಕೆ ಮಾತ್ರ ಅಂಕ ಅಂತ ನಿಯಮ ಹಾಕಿ.


ಸುರತ್ಕಲ್ ಅಣ್ಣ:

ಓ ಟೀಚರ್, ಈ ಫಿನಾಲ್ಫ್ತಲೀನ್ ಅಂದರೆ ಲೋಕಾಯುಕ್ತದವರು ನೋಟಿಗೆ ಹಚ್ಚುವ ಪುಡಿ ಅಲ್ವಾ? ಪೇಪರಿನಲ್ಲಿ ಬರುತ್ತದೆ, ಲಂಚ ಮುಟ್ಟಿದವನ ಕೈ ತೊಳೆಸಿದಾಗ ನೀರು ಗುಲಾಬಿ ಆಯಿತು ಅಂತ.


ಲ್ಯಾಬ್ ಟೀಚರ್, ಮಂಗಳೂರು:

ಅದೇ. ನೋಟಿಗೆ ಆ ಪುಡಿ ಸವರಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ತೆಗೆದುಕೊಂಡವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ. ಅದು ಕ್ಷಾರ, ಹಾಗಾಗಿ ಗುಲಾಬಿ. ನಮ್ಮ ಪಿಯುಸಿ ಲ್ಯಾಬಿನ ಪ್ರಯೋಗವೇ, ಕೋನಿಕಲ್ ಫ್ಲಾಸ್ಕಿನ ಬದಲು ಸಾಹೇಬರ ಕೈ.

ಇನ್ನೊಂದು ತಮಾಷೆ ಹೇಳುತ್ತೇನೆ. ಇದೇ ಪುಡಿ ಬಹಳ ಕಾಲ ಭೇದಿ ಮಾತ್ರೆಯಾಗಿ ಮಾರಾಟ ಆಗುತ್ತಿತ್ತು. ಸುರಕ್ಷಿತ ಅಲ್ಲ ಅಂತ ಅಮೆರಿಕದಲ್ಲಿ 1999ರಲ್ಲಿ ನಿಲ್ಲಿಸಿದರು. ಅಂದರೆ ಲಂಚ ತಿಂದರೂ ದಕ್ಕಬಾರದು ಅಂತ ಮೊದಲೇ ವ್ಯವಸ್ಥೆ ಆಗಿತ್ತು.


ಮಣಿಪಾಲದ ಮಳೆ:

ನಾನು ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷೆ ಮಾಡುವ ವಿದ್ಯೆ, ಓದುತ್ತಿದ್ದೇನೆ, ಈ ನಾಲ್ಕು ಅಕ್ಷರ ನಮಗೆ ಅನ್ನ ನೀರು ಇದ್ದ ಹಾಗೆ. ಕಣ್ಣಿನ ವೈದ್ಯಶಾಸ್ತ್ರ ಆಫ್ತಲ್ಮಾಲಜಿ 13, ಕಣ್ಣಿನ ಡಾಕ್ಟರು ಆಫ್ತಲ್ಮಾಲಜಿಸ್ಟ್ 15, ಕಣ್ಣಿನ ಒಳಗೆ ನೋಡುವ ಆಫ್ತಲ್ಮೊಸ್ಕೋಪ್ 14. ವಿಟಮಿನ್ ಎ ಕಡಿಮೆಯಾಗಿ ಕಣ್ಣು ಒಣಗುವುದಕ್ಕೆ ಝೀರಾಫ್ತಾಲ್ಮಿಯಾ, ಅದು 13, ಎಕ್ಸ್‌ನಿಂದ ಶುರು ಆಗುವುದರಿಂದ ನೋಡಲಿಕ್ಕೂ ಗಮ್ಮತ್ತು. ಥೈರಾಯ್ಡ್ ಜಾಸ್ತಿ ಆದವರಲ್ಲಿ ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬಂದಿರುತ್ತದೆ, ಅದು ಎಕ್ಸಾಫ್ತಾಲ್ಮಸ್, 12. ರೆಟಿನಾದ ರಕ್ತನಾಳದ ಒತ್ತಡ ಅಳೆಯುವ ಹಳೇ ಉಪಕರಣ ಒಂದಕ್ಕೆ ಆಫ್ತಲ್ಮೊಡೈನಮೋಮೀಟರ್ ಅಂತ ಹೆಸರು, ಎಣಿಸಿದೆ, 20. ಒಂದೇ ಪದ ಬೇಕು, ಬೋಗಿ ಜೋಡಿಸಿದ್ದು ಬೇಡ ಅಂದರೆ ಇದಕ್ಕೇ ನನ್ನ ಓಟು.

ಪದ ಸೇರಿಸಬಹುದು ಅಂದಿರಲ್ಲ ಅಣ್ಣ, ಹಾಗಾದರೆ ಕೇಳಿ. ಕ್ರಾನಿಕ್ ಪ್ರೊಗ್ರೆಸಿವ್ ಎಕ್ಸ್‌ಟರ್ನಲ್ ಆಫ್ತಲ್ಮೊಪ್ಲೀಜಿಯಾ. ನಡುವಿನ ಜಾಗ ಬಿಟ್ಟು ಎಣಿಸಿದರೆ 41. ರೆಪ್ಪೆ ಜೋತು ಬಿದ್ದು, ಕಣ್ಣಿನ ಚಲನೆ ವರ್ಷಗಳು ಕಳೆದ ಹಾಗೆ ನಿಧಾನಕ್ಕೆ ಕಡಿಮೆ ಆಗುವ ಕಾಯಿಲೆ ಅದು. ಸಿಂಪಥೆಟಿಕ್ ಆಫ್ತಾಲ್ಮಿಯಾ 21. ಒಂದು ಕಣ್ಣಿಗೆ ಪೆಟ್ಟಾದರೆ ಏಟೇ ಬೀಳದ ಇನ್ನೊಂದು ಕಣ್ಣೂ ಉರಿಯೂತಕ್ಕೆ ಸಿಗುವುದು. ಲೂಯಿ ಬ್ರೈಲ್ ಮೂರು ವರ್ಷದ ಮಗುವಾಗಿದ್ದಾಗ ಅಪ್ಪನ ಚರ್ಮದ ಕೆಲಸದ ಉಳಿ ಒಂದು ಕಣ್ಣಿಗೆ ತಾಗಿ, ಆಮೇಲೆ ಎರಡೂ ಹೋದದ್ದು ಇದರಿಂದಲೇ ಇರಬೇಕು ಅನ್ನುತ್ತಾರೆ. ಈ ಒಂದನ್ನು ಪಟ್ಟಿಯಲ್ಲಿ ಖಂಡಿತ ಇಡಿ, ಮಕ್ಕಳಿಗೆ ಕತೆಯೂ ಹೇಳಬಹುದು.

ಮತ್ತೆ ನಾಚಿಕೆ ಬಿಟ್ಟು ಒಂದು ವಿಷಯ: ನಾನು ಮೊದಲ ಸೆಮಿಸ್ಟರ್ ಇಡೀ ಆಫ್ತಲ್ಮಾಲಜಿಯನ್ನು ಮೊದಲ ಎಚ್ ಇಲ್ಲದೆ ಬರೆದವಳು. ಓ-ಪಿ-ಟಿ-ಎಚ್. ದಾರಿ ಬದಿಯ ಬೋರ್ಡ್‌ಗಳಲ್ಲೂ ಹಾಗೆಯೇ ಬರೆದದ್ದು ನೋಡಿದ್ದೆ, ಸರಿ ಅಂದುಕೊಂಡಿದ್ದೆ. ಬಾಯಲ್ಲಿಯೂ ಆಪ್ತಲ್ಮಾಲಜಿ ಅಂತಲೇ ಬರುವುದು. ಆಪ್ತರ ಕಾಯಿಲೆ ನೋಡುವ ವಿಭಾಗ ಅಂತ ಅಮ್ಮ ತಮಾಷೆ ಮಾಡುತ್ತಾರೆ.


ಬ್ಯಾಂಕ್ ಮಾಮ, ಕಾರ್‌ಸ್ಟ್ರೀಟ್:

ನನ್ನದು ಒಂದೇ ಮಾತು. ಇಷ್ಟು ಕಷ್ಟದ್ದು ಕೊಟ್ಟರೆ ನಮ್ಮಂಥವರು ಕುರ್ಚಿ ಬಿಟ್ಟು ಚರುಮುರಿ ತಿನ್ನಲು ಹೋಗುತ್ತೇವೆ. ಬುಕ್‌ಕೀಪರ್ ಅಂತ ಬರೆದು ನೋಡಿ. ಓ-ಓ, ಕೆ-ಕೆ, ಇ-ಇ. ಮೂರು ಜೋಡಿ ಒಂದರ ಬೆನ್ನಿಗೆ ಒಂದು, ನಡುವೆ ಗೆರೆ ಸಹ ಇಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ, ವಿಜಯ ಅಂತ ಐದು ಬ್ಯಾಂಕ್ ಹುಟ್ಟಿದ ಕರಾವಳಿಯಲ್ಲಿ ಇದನ್ನು ಬಿಟ್ಟು ಕಣ್ಣಿನ ಕಾಯಿಲೆ ಕೇಳುವುದು ಎಂತ ನ್ಯಾಯ?


ಪದಬಂಧಪ್ರಿಯ, ಉಡುಪಿ:

ಮಾಮ, ಅದು ಟೈ ಆದಾಗ ಕೇಳುವ ಪ್ರಶ್ನೆಗೆ ಇಟ್ಟುಕೊಂಡೆ, ಥ್ಯಾಂಕ್ಸ್.

ನನಗೆ ಇನ್‌ಬಾಕ್ಸಿನಲ್ಲಿ ಇಬ್ಬರು ಆ 45 ಅಕ್ಷರದ ನ್ಯುಮೋನೋಅಲ್ಟ್ರಾ… ಅಂತ ಶುರು ಆಗುವ ಶ್ವಾಸಕೋಶದ ಕಾಯಿಲೆ ಕಳಿಸಿದ್ದಾರೆ. ದಯವಿಟ್ಟು ಬೇಡ. ಅದರಲ್ಲಿ ಪಿ-ಎಚ್-ಟಿ-ಎಚ್ ಇಲ್ಲವೇ ಇಲ್ಲ. ಅಲ್ಲದೆ ಅದು 1935ರಲ್ಲಿ ಅಮೆರಿಕದ ಪದ ಒಗಟಿನ ಸಂಘದ ಅಧ್ಯಕ್ಷರೇ ಉದ್ದ ಆಗಲಿ ಅಂತ ಕಟ್ಟಿದ ಪದ. ನನ್ನ ಹಾಗೆಯೇ ಮಾಡಲು ಬೇರೆ ಕೆಲಸ ಇಲ್ಲದವರು.

ಟೀಚರ್‌ಗೆ ಒಂದು ಪ್ರಶ್ನೆ. ಇವತ್ತು ಬೀರು ತೆಗೆದಾಗ ನುಸಿಗುಳಿಗೆಯ ಪ್ಯಾಕೆಟ್ ಸಿಕ್ಕಿತು. ಆಟಿಯ ಮಳೆಯಲ್ಲಿ ನಮ್ಮ ಕಡೆ ಅದಿಲ್ಲದೆ ಬಟ್ಟೆ ಉಳಿಯುವುದುಂಟಾ. ಅದರ ಮೇಲೂ ನ್ಯಾಫ್ತಲೀನ್ ಅಂತ ಬರೆದಿತ್ತು, ಮತ್ತೆ ಅದೇ ಪಿ-ಎಚ್-ಟಿ-ಎಚ್. ಬಟ್ಟೆಯ ಗುಳಿಗೆಗೂ ಮಗಳ ಗುಲಾಬಿ ಬಣ್ಣಕ್ಕೂ ಏನಾದರೂ ಸಂಬಂಧ ಉಂಟಾ, ಇಲ್ಲ ಸುಮ್ನೆ ಕಾಕತಾಳೀಯವಾ?


ಸುರತ್ಕಲ್ ಅಣ್ಣ:

ಟೀಚರ್ ಹೇಳುವ ಮೊದಲು ನನ್ನದೊಂದು ಸೇರಿಸಿ. ನಾಫ್ತಾ. ಉದ್ದ ಇಲ್ಲ, ಏಳೇ ಅಕ್ಷರ, ಅದರಲ್ಲಿ ನಾಲ್ಕು ನಿಮ್ಮ ಪಿ-ಎಚ್-ಟಿ-ಎಚ್. ನಮ್ಮ ಕುತ್ತೆತ್ತೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಕಚ್ಚಾ ತೈಲ ಕಾಯಿಸುವಾಗ ಬರುವ ಹಗುರ ಎಣ್ಣೆ ಅದು. ಪಣಂಬೂರಿನ ಬಂದರಿನಿಂದ ಹಡಗಿನಲ್ಲಿ ಹೊರಗೂ ಹೋಗುತ್ತದೆ. ನಾವು ಹೈವೇ ಬದಿಯಲ್ಲಿ ದಿನಾ ಕೇಳುವ ಪದ, ಆದರೆ ಸ್ಪೆಲಿಂಗ್ ಹೀಗೆ ಉಂಟು ಅಂತ ಇವತ್ತೇ ನೋಡಿದ್ದು.

ನಾನು ಹನ್ನೊಂದು ವರ್ಷ ಕುವೈತಿನಲ್ಲಿದ್ದೆ. ಅಲ್ಲಿ ಪೆಟ್ರೋಲಿಯಂಗೆ ಅರಬಿಯಲ್ಲಿ ನಫ್ತ್ ಅನ್ನುತ್ತಾರೆ. ಅಲ್ಲಿಯ ತೈಲ ಕಂಪನಿಯ ಬೋರ್ಡಿನಲ್ಲೂ ನಫ್ತ್ ಅಂತಲೇ ಇರುವುದು. ಆಗೆಲ್ಲ ಅರಬಿಯವರು ಇಂಗ್ಲಿಷಿನ ನಾಫ್ತಾವನ್ನು ಹೀಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಯಾರು ಯಾರಿಂದ ತೆಗೆದುಕೊಂಡದ್ದು ಮಾರಾಯ್ರೆ?


ಲ್ಯಾಬ್ ಟೀಚರ್, ಮಂಗಳೂರು:

ಕಾಕತಾಳೀಯ ಅಲ್ಲವೇ ಅಲ್ಲ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ಎಚ್ಚರಿಕೆ, ನಾಫ್ತಾ ಬೇರೆ, ನ್ಯಾಫ್ತಲೀನ್ ಬೇರೆ. ಒಂದು ಕಚ್ಚಾ ತೈಲದಿಂದ ಬರುವ ದ್ರವ. ಇನ್ನೊಂದು ಮುಖ್ಯವಾಗಿ ಕಲ್ಲಿದ್ದಲಿನ ಡಾಂಬರಿನಿಂದ ತೆಗೆಯುವ ಬಿಳಿ ಹರಳು. ದ್ರವ ಆಗದೆಯೇ ನೇರ ಆವಿಯಾಗುತ್ತದೆ, ಅದಕ್ಕೇ ಬೀರುವಿನಲ್ಲಿ ಗುಳಿಗೆ ಕರಗಿದ ಗುರುತೇ ಇಲ್ಲದೆ ಸಣ್ಣದಾಗುವುದು. ಈಗ ಪೇಟೆಯಲ್ಲಿ ಸಿಗುವ ಎಲ್ಲ ಗುಳಿಗೆಯೂ ನ್ಯಾಫ್ತಲೀನ್ ಅಲ್ಲ, ಬೇರೆ ರಾಸಾಯನಿಕದ್ದೂ ಬರುತ್ತದೆ. ಮತ್ತೆ ಹಾಲು ಕುಡಿಯುವ ಮಗುವಿನ ಬಟ್ಟೆಗೆ ಇದನ್ನು ಹಾಕಬೇಡಿ, ಕೆಲವು ಮಕ್ಕಳಲ್ಲಿ ಇದರ ಆವಿಯಿಂದ ರಕ್ತಕಣ ಒಡೆಯುತ್ತದೆ. ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಬರೆಯದೆ ಇರಲು ಆಗಲಿಲ್ಲ.

1821ರಲ್ಲಿ ಜಾನ್ ಕಿಡ್ ಅನ್ನುವವರು ಆ ಹರಳಿಗೆ ಹೆಸರಿಡುವಾಗ ನಾಫ್ತಾದಿಂದ ಹೆಸರು ಎತ್ತಿದರು. ಆಮೇಲೆ 1836ರಲ್ಲಿ ಫ್ರಾನ್ಸಿನ ಒಗಸ್ತ್ ಲೊರಾಂ ನ್ಯಾಫ್ತಲೀನಿನಿಂದ ಒಂದು ಆಸಿಡ್ ಮಾಡಿದರು. ಅದಕ್ಕೆ ಮೊದಲು ಇದ್ದದ್ದು ನ್ಯಾಫ್ತಲೀನಿನ ಹೆಸರೇ. ಆಮೇಲೆ ಆ ಹೆಸರಿನ ತಲೆ ಕತ್ತರಿಸಿದರು! ಮುಂದಿನ ಎನ್-ಎ ಹೋಯಿತು, ಪಿ-ಎಚ್-ಟಿ-ಎಚ್ ಮುಂದೆ ಬಂದು ನಿಂತಿತು. ಅದೇ ಥ್ಯಾಲಿಕ್ ಆಸಿಡ್. ಪದದ ಬಾಗಿಲಲ್ಲೇ ಇಷ್ಟು ವ್ಯಂಜನ ಯಾಕೆ ಗುಂಪು ಕಟ್ಟಿವೆ ಅಂತ ಕೇಳಿದರೆ, ಇದು ತಲೆ ಇಲ್ಲದ ನ್ಯಾಫ್ತಲೀನ್. ಅದನ್ನು ಫಿನಾಲ್ ಜೊತೆ ಕಾಯಿಸಿ ಬೇಯರ್ ಮಾಡಿದ್ದು ಫಿನಾಲ್ಫ್ತಲೀನ್. ಅಂದರೆ ನಿಮ್ಮ ಮಗಳ ರೆಕಾರ್ಡಿನ ಪದದ ಹಿಂದೆ ನಿಮ್ಮ ಬೀರುವಿನ ಗುಳಿಗೆ ಉಂಟು, ಅದರ ಹೆಸರಿನ ಹಿಂದೆ ಸುರತ್ಕಲ್ ಅಣ್ಣನ ನಾಫ್ತಾ.

ಮಣಿಪಾಲದ ಮಳೆಗೂ ಒಂದು. ನೀವು ಕಣ್ಣಿಗೆ ಹಚ್ಚಿ ನೀಲಿ ಬೆಳಕಿನಲ್ಲಿ ಹಸಿರು ಹೊಳೆಯುವುದನ್ನು ನೋಡುವ ಬಣ್ಣ ಫ್ಲೋರೆಸಿನ್ ಅಲ್ವಾ? ಅದನ್ನೂ ಅದೇ 1871ರಲ್ಲಿ ಅದೇ ಬೇಯರ್ ಅದೇ ಥ್ಯಾಲಿಕ್ ಮಾಲಿನಿಂದ ಮಾಡಿದ್ದು. ಇನ್ನೊಂದು ಹೆಸರು ರೆಸಾರ್ಸಿನಾಲ್ಫ್ತಲೀನ್, 19 ಅಕ್ಷರ. ಪಟ್ಟಿಗೆ ಹಾಕಿಕೊಳ್ಳಿ.


ಮಣಿಪಾಲದ ಮಳೆ:

ಅಯ್ಯೋ ಟೀಚರ್! ನಾನು ದಿನಾ ಆ ಬಣ್ಣದ ಕಾಗದದ ಪಟ್ಟಿ ಒದ್ದೆ ಮಾಡಿ ಜನರ ಕಣ್ಣಿಗೆ ಮುಟ್ಟಿಸುವವಳು, ಅದು ಫಿನಾಲ್ಫ್ತಲೀನಿನ ತಂಗಿ ಅಂತ ಯಾರೂ ಹೇಳಲೇ ಇಲ್ಲ.


ದಫ್ತರಿ, ಉಡುಪಿ:

ಇಷ್ಟು ಹೊತ್ತು ಸುಮ್ನೆ ಓದುತ್ತಾ ಇದ್ದೆ. ನಾನು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇದ್ದು ನಿವೃತ್ತ ಆದವನು. ನಿವೃತ್ತಿ ಆದ ಮೇಲೆ ಪದಗಳ ಮೂಲ ಹುಡುಕುವ ಚಟ. ನಿಮ್ಮ ನಾಲ್ಕು ಅಕ್ಷರ ನಿಜಕ್ಕೂ ನಾಲ್ಕಲ್ಲ, ಎರಡೇ. ಅಲ್ಲಿಂದ ಶುರು ಮಾಡಿದರೆ ಎಲ್ಲ ಸುಲಭ.

ಗ್ರೀಕಿನಲ್ಲಿ ಫೈ ಅಂತ ಒಂದು ಅಕ್ಷರ, ಥೀಟಾ ಅಂತ ಇನ್ನೊಂದು. ಹಳೇ ಕಾಲದಲ್ಲಿ ಅವು ಇಂಗ್ಲಿಷಿನ ಎಫ್ ತರಹ ಇರಲಿಲ್ಲ, ನಮ್ಮ ಮಹಾಪ್ರಾಣದ ಹಾಗೆಯೇ ಇದ್ದವು. ಪ್‌ಗೆ ಉಸಿರು ಸೇರಿದ ಫ, ತ್‌ಗೆ ಉಸಿರು ಸೇರಿದ ಥ. ರೋಮನ್ನರ ಹತ್ತಿರ ಅದಕ್ಕೆ ಅಕ್ಷರ ಇರಲಿಲ್ಲ, ಹಾಗಾಗಿ ಪಿ ಪಕ್ಕ ಒಂದು ಎಚ್, ಟಿ ಪಕ್ಕ ಒಂದು ಎಚ್ ಇಟ್ಟರು. ಗ್ರೀಕರ ಎರಡು ಅಕ್ಷರ ಲ್ಯಾಟಿನ್‌ನಲ್ಲಿ ನಾಲ್ಕಾದದ್ದು ಹೀಗೆ. ನಾವು ಕನ್ನಡದಲ್ಲಿ ಬರೆದರೆ ಒಂದು ಒತ್ತಕ್ಷರ, ಫ್ಥ, ಮುಗಿಯಿತು. ಫ್ರೆಂಚರು ಬೇಜಾರಾಗಿ ಎರಡನೇ ಎಚ್ ಕಿತ್ತು ಹಾಕಿದ್ದಾರೆ, ಅವರ ಆಫ್ತಲ್ಮಾಲಜಿ, ಡಿಫ್ತೀರಿಯಾ ಎಲ್ಲದರಲ್ಲಿ ಪಿ-ಎಚ್-ಟಿ ಮಾತ್ರ. ಇಟಲಿಯವರು ಎಫ್-ಟಿ ಬರೆದು ಕೈ ತೊಳೆದುಕೊಂಡರು. ನಮ್ಮ ಬೋರ್ಡ್ ಬರೆಯುವವರು ಮೊದಲ ಎಚ್ ಕಿತ್ತರು, ಅಷ್ಟೇ ವ್ಯತ್ಯಾಸ. ತುಳು ಮಾತಾಡುವ ಬಾಯಿಗೆ ಮಹಾಪ್ರಾಣದ ಹಂಗು ಅಷ್ಟಿಲ್ಲ ನೋಡಿ, ಆಪ್ತಲ್ಮಾಲಜಿ ಅಂತ ಬಂದರೆ ತಪ್ಪೇನು. ಈಗ ಇಂಗ್ಲಿಷ್ ಡಿಕ್ಷನರಿಗಳೂ ಆ ಉಚ್ಚಾರ ಒಪ್ಪಿಕೊಂಡಿವೆ, ಬರೆಯುವಾಗ ಮಾತ್ರ ಎಚ್ ಬಿಡುವ ಹಾಗಿಲ್ಲ.

ಸುರತ್ಕಲ್‌ನವರ ಪ್ರಶ್ನೆಗೆ: ಆ ಪದ ಗ್ರೀಕರದ್ದೇ ಅಲ್ಲ. ನೆಲದಿಂದ ಎಣ್ಣೆ ತಾನಾಗಿ ಜಿನುಗುತ್ತಿದ್ದ ಇರಾಕ್, ಪರ್ಷಿಯಾ ಕಡೆಯದ್ದು. ಅಲ್ಲಿಂದ ಗ್ರೀಕಿಗೆ ಹೋಗಿ ಫೈ-ಥೀಟಾ ವೇಷ ಹಾಕಿತು. ಕುವೈತಿನವರು ಇಂಗ್ಲಿಷಿನಿಂದ ಎತ್ತಿದ್ದಲ್ಲ, ಊರಿನ ಪದ ಊರಿನಲ್ಲೇ ಉಳಿದದ್ದು.

ಈಗ ನನ್ನ ಇಷ್ಟದ್ದು. ಡಿಫ್ತೀರಿಯಾ, 10 ಅಕ್ಷರ. ನಮ್ಮ ಕನ್ನಡದಲ್ಲಿ ಗಂಟಲುಮಾರಿ. ಮಕ್ಕಳಿಗೆ ಹಾಕಿಸುವ ಡಿಪಿಟಿ ಲಸಿಕೆಯ ಮೊದಲ ಡಿ ಇದೇ. ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುತ್ತದೆ ಅಂತ ಫ್ರಾನ್ಸಿನ ಬ್ರೆತೊನೋ ಎಂಬ ವೈದ್ಯರು 1826ರಲ್ಲಿ ಗ್ರೀಕಿನ ಡಿಫ್ಥೆರಾದಿಂದ ಹೆಸರು ಮಾಡಿದರು. ಡಿಫ್ಥೆರಾ ಅಂದರೆ ಹದ ಮಾಡಿದ ತೊಗಲು. ಹಿಂದೆ ತೊಗಲಿನ ಮೇಲೆ ಬರೆಯುತ್ತಿದ್ದರು, ಹಾಗಾಗಿ ಆ ಪದಕ್ಕೆ ಬರಹದ ಸುರುಳಿ ಅಂತಲೂ ಅರ್ಥ ಬಂದಿತ್ತು. ಆ ಅರ್ಥದಲ್ಲಿ ಅದು ಪೂರ್ವಕ್ಕೆ ನಡೆಯಿತು. ಪರ್ಷಿಯನ್‌ಗೆ ಬಂದು ದಫ್ತರ್ ಆಯಿತು, ಅಲ್ಲಿಂದ ನಮ್ಮ ಕಚೇರಿಗೆ ಬಂದು ದಫ್ತರ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟು. ಸರ್ವಿಸ್ ಇಡೀ ಅದರ ಧೂಳು ಕುಡಿದು ಗಂಟಲು ಕೆಡಿಸಿಕೊಂಡವನು ನಾನು. ಅದಕ್ಕೂ ಗಂಟಲುಮಾರಿಗೂ ಒಂದೇ ತೊಗಲು ಅಂತ ಗೊತ್ತಾದ ದಿನ ನಾನು ರಾತ್ರಿ ಊಟ ಮಾಡುವಾಗ ಹೆಂಡತಿಗೆ ಹೇಳಿದೆ. ಸಾರು ಬೇಕಾ ಅಂತ ಕೇಳಿದಳು.


ಸುರತ್ಕಲ್ ಅಣ್ಣ:

ಹಾಗಾದರೆ ಹಫ್ತಾ ಕೂಡ ಗ್ರೀಕಾ ಸರ್? ಅದರಲ್ಲೂ ಫ್ತ ಉಂಟು.


ದಫ್ತರಿ, ಉಡುಪಿ:

ಅಲ್ಲ. ಅದು ಪರ್ಷಿಯನ್, ಹಫ್ತ್ ಅಂದರೆ ಏಳು, ಏಳು ದಿನಕ್ಕೊಮ್ಮೆ ಕೊಡುವುದು ಹಫ್ತಾ. ನಮ್ಮ ಸಪ್ತದ ಅಕ್ಕನ ಮಗ. ಕಿವಿಗೆ ಒಂದೇ ತರಹ ಕೇಳಿದ್ದೆಲ್ಲ ನೆಂಟರಲ್ಲ. ಹಫ್ತಾಕ್ಕೂ ಫಿನಾಲ್ಫ್ತಲೀನ್‌ಗೂ ಸಂಬಂಧ ಬರುವುದು ಲೋಕಾಯುಕ್ತದ ಬಲೆಯಲ್ಲಿ ಮಾತ್ರ.

ಆದರೆ ಒಂದು ನಿಜವಾದ ನೆಂಟಸ್ತನ ಹೇಳುವುದು ಬಿಟ್ಟೆ. ಕ್ಷಯಕ್ಕೆ ಇಂಗ್ಲಿಷಿನಲ್ಲಿ ಹಳೇ ಹೆಸರು ಥೈಸಿಸ್. ಬರೆಯುವುದು ಪಿ-ಎಚ್-ಟಿ-ಎಚ್-ಐ-ಎಸ್-ಐ-ಎಸ್. ಗ್ರೀಕಿನಲ್ಲಿ ಅದರ ಅರ್ಥ ಕರಗುವುದು, ಸವೆಯುವುದು. ಕ್ಷಯ ಅಂದರೂ ಅದೇ ತಾನೆ? ಇದು ಅನುವಾದ ಅಲ್ಲ, ಗ್ರೀಕಿನ ಆ ಧಾತು, ಸಂಸ್ಕೃತದ ಕ್ಷಿ ಧಾತು ಎರಡೂ ಒಂದೇ ಬೇರಿನಿಂದ ಬಂದವು. ಅಲ್ಲಿ ಫ್ಥ ಆದದ್ದು ಇಲ್ಲಿ ಕ್ಷ ಆಗಿದೆ. ಗ್ರೀಕ್ ಕವಿ ಹೋಮರನ ಇಲಿಯಡ್ ಕಾವ್ಯದಲ್ಲಿ ವೀರ ಅಕಿಲೀಸ್ ತನಗೆ ಸಿಗುವ ಕೀರ್ತಿಯನ್ನು ಕ್ಲೆಓಸ್ ಅಫ್ಥಿತೊನ್ ಅನ್ನುತ್ತಾನೆ, ಸವೆಯದ ಕೀರ್ತಿ. ಋಗ್ವೇದದ ಮೊದಲ ಮಂಡಲದಲ್ಲಿ ಅದೇ ಬೇರುಗಳ ಶ್ರವಃ, ಅಕ್ಷಿತಂ ಉಂಟು. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದವರು ಜರ್ಮನಿಯ ಭಾಷಾವಿದ ಅಡಾಲ್ಬರ್ಟ್ ಕೂನ್, 1853ರಲ್ಲಿ. ಅಕ್ಷಯ ತೃತೀಯಕ್ಕೆ ಚಿನ್ನದ ಅಂಗಡಿಯಲ್ಲಿ ಸಾಲು ನಿಲ್ಲುವವರಿಗೆ ಇದನ್ನು ಹೇಳಿದರೆ ರಿಯಾಯಿತಿ ಏನೂ ಸಿಗುವುದಿಲ್ಲ, ನಾನು ನೋಡಿ ಆಗಿದೆ.


ಮಣಿಪಾಲದ ಮಳೆ:

ಥೈಸಿಸ್ ನಮ್ಮಲ್ಲಿ ಈಗಲೂ ಉಂಟು ಸರ್. ಪೂರ್ತಿ ಹಾಳಾಗಿ ಕುಗ್ಗಿ ಹೋದ ಕಣ್ಣಿಗೆ ಥೈಸಿಸ್ ಬಲ್ಬೈ ಅಂತ ಕೇಸ್‌ಶೀಟಿನಲ್ಲಿ ಬರೆಯುತ್ತೇವೆ. ಅದು ಕಣ್ಣಿನ ಕ್ಷಯ ಅಂತ ಈಗ ಅರ್ಥ ಆಯಿತು.


ಬ್ಯಾಂಕ್ ಮಾಮ, ಕಾರ್‌ಸ್ಟ್ರೀಟ್:

ಚರುಮುರಿ ತಿಂದು ಬಂದೆ. ಇನ್ನೂ ಮುಗಿದಿಲ್ಲವಾ? ಇಷ್ಟರಲ್ಲಿ ನನಗೂ ಒಂದು ಸಿಕ್ಕಿತು, ಡಿಫ್ತಾಂಗ್. ಮೊಮ್ಮಗನ ಇಂಗ್ಲಿಷ್ ವ್ಯಾಕರಣದಲ್ಲಿತ್ತು. 9 ಅಕ್ಷರ. ನಮ್ಮ ಐ, ಔ ತರಹ ಎರಡು ಸ್ವರ ಕೂಡಿದ್ದು. ಅದು ಒಂಟಿ ಸ್ವರವಾಗಿ ಬದಲಾದರೆ ಮೊನಾಫ್ತಾಂಗೈಸೇಶನ್ ಅಂತೆ, 18. ಕಳೆದ ವರ್ಷದ ಟಿ-ಐ-ಓ-ಎನ್ ಸಹ ಅದರಲ್ಲೇ ಬರುತ್ತದೆ. ಎರಡು ವರ್ಷದ್ದೂ ಒಟ್ಟಿಗೆ ಅಂಕ ಕೊಡಿ ನನಗೆ.


ಲ್ಯಾಬ್ ಟೀಚರ್, ಮಂಗಳೂರು:

ಮಾಮನಿಗೆ ಪೂರ್ತಿ ಅಂಕ!

ನಾನು ನಿನ್ನೆ ರಾತ್ರಿ ಹಳೇ ಪುಸ್ತಕ ತೆಗೆದು ಕೂತೆ, ಪಿ-ಎಚ್-ಟಿ-ಎಚ್ ಎರಡು ಸಲ ಬರುವ ಪದ ಯಾವುದಾದರೂ ಉಂಟಾ ಅಂತ. ಸಿಕ್ಕಿತು. ನ್ಯಾಫ್ತಾಲ್ಫ್ತಲೀನ್. ಇದೂ ಬಣ್ಣ ಬದಲಿಸಿ ಆಸಿಡ್-ಕ್ಷಾರ ತೋರಿಸುವ ಒಂದು ಇಂಡಿಕೇಟರ್, ಕ್ಷಾರದಲ್ಲಿ ಹಸಿರು ಮಿಶ್ರಿತ ನೀಲಿ ಬರುತ್ತದೆ. ಬರೀ 17 ಅಕ್ಷರ, ಅದರಲ್ಲಿ ಎಂಟು ನಿಮ್ಮ ಪಿ-ಎಚ್-ಟಿ-ಎಚ್. ಮುಂದಿನ ತುಂಡಿನಲ್ಲಿ ನಾಫ್ತಾ ತಲೆ ಸಮೇತ, ಹಿಂದಿನ ತುಂಡಿನಲ್ಲಿ ತಲೆ ಕತ್ತರಿಸಿದ್ದು. ಉದ್ದದಲ್ಲಿ 41ರ ಹತ್ತಿರ ಹೋಗುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಫಸ್ಟ್ ಪ್ರೈಜ್ ಇದಕ್ಕೇ.


ಪದಬಂಧಪ್ರಿಯ, ಉಡುಪಿ:

ಟೀಚರ್, ಅದನ್ನು ಮಗಳಿಗೆ ತೋರಿಸಿದೆ. ಕಾಗದ ಪೆನ್ನು ತೆಗೆದುಕೊಂಡು ಒಂದೇ ಏಟಿಗೆ ಸರಿಯಾಗಿ ಬರೆದಳು, ಎರಡೂ ಕಡೆ ಎರಡೆರಡು ಎಚ್ ಹಾಕಿ. ನಾನು ಪಟ್ಟಿಗೆ ನಕಲು ಮಾಡುವಾಗ ಒಂದು ಎಚ್ ಬಿಟ್ಟಿದ್ದೆ, ಅವಳು ಕೆಂಪು ಪೆನ್ನು ಹುಡುಕಿ ತಂದು ಗೆರೆ ಎಳೆದಳು.

ನಿಯಮ ಹೀಗೆ ಮಾಡಿದ್ದೇನೆ: ಒಂಟಿ ಪದಕ್ಕೆ ಬೇರೆ ಬಹುಮಾನ, ಜೋಡಿ ಪದಕ್ಕೆ ಬೇರೆ. ರಸಾಯನದ ಹೆಸರು ಡಿಕ್ಷನರಿಯಲ್ಲಿ ಇದ್ದರೆ ಮಾತ್ರ. ಸಮಯ ಹತ್ತು ನಿಮಿಷ. ಯಾರಿಗೂ ಏನೂ ಹೊಳೆಯದಿದ್ದರೆ ವೇದಿಕೆಯ ಮೇಲೆ ನುಸಿಗುಳಿಗೆಯ ಪ್ಯಾಕೆಟ್ ಇಟ್ಟಿರುತ್ತೇನೆ, ನೋಡಿ ಬರೆಯಬಹುದು.


ಸುರತ್ಕಲ್ ಅಣ್ಣ:

ಹೊರಗಿನ ಊರಿನವರು ಬರಬಹುದಾ? ನಾನು ನಾಫ್ತಾ ಒಂದೇ ಬರೆದು ಕೂತರೂ ಏಳು ಅಂಕ ಸಿಗುತ್ತದಲ್ಲ?


ಪದಬಂಧಪ್ರಿಯ, ಉಡುಪಿ:

ಬನ್ನಿ ಅಣ್ಣ, ಸಿಗುತ್ತದೆ. ಹಗ್ಗಜಗ್ಗಾಟಕ್ಕೂ ಒಬ್ಬರು ಕಡಿಮೆ ಇದ್ದಾರೆ.